ಒಂದು ಗುರುತು ಬಚ್ಚಿಡುವವನು

ನನ್ನ ತಮ್ಮ ಮನುಷ್ಯರನ್ನು ನಂಬುವವನಲ್ಲ. ಇದನ್ನು ನಾನು ಬೈಗುಳವಾಗಿ ಹೇಳುತ್ತಿಲ್ಲ. ಕೆಲವರಿಗೆ ಮೂಗು ಉದ್ದವಿರುತ್ತದೆ, ಕೆಲವರಿಗೆ ನಿದ್ದೆ ಕಡಿಮೆ, ಇವನಿಗೆ ನಂಬಿಕೆ ಇಲ್ಲ. ಗಡಿಯಾರ ರಿಪೇರಿಯವನ ಮೇಲೆ ಅನುಮಾನ, ಔಷಧಿ ಅಂಗಡಿಯವನ ಮೇಲೆ ಅನುಮಾನ, ಹವಾಮಾನ ವರದಿಯ ಮೇಲಂತೂ ಕಡುಕೋಪ. ಮದುವೆಯಾದ ಹೊಸದರಲ್ಲಿ ಹೆಂಡತಿ ತಲೆನೋವು ಎಂದರೆ "ಯಾವ ಕಡೆ?" ಎಂದು ಕೇಳುತ್ತಿದ್ದ. "ನನ್ನ ತಲೆನೋವಿಗೂ ಸಾಕ್ಷಿ ಬೇಕು ಅತ್ತಿಗೆ ಇವರಿಗೆ" ಎಂದು ಅವಳು ನನ್ನ ಹತ್ತಿರ ದೂರು ಹೇಳಿದ್ದಳು. ಈಗ ಹೇಳುವುದಿಲ್ಲ. ಯಾವ ಕಡೆ ಎಂದು ಮೊದಲೇ ತಿಳಿಸಿಬಿಡುತ್ತಾಳೆ.

ಇಂಥವನಿಗೆ ತಕ್ಕ ಕೆಲಸವೇ ಸಿಕ್ಕಿತು. ನಗರದ ಬಸ್ ಕಂಪನಿಯಲ್ಲಿ, ಪ್ರಯಾಣಿಕರು ಬಸ್ಸಿನಲ್ಲಿ ಮರೆತುಬಿಟ್ಟ ವಸ್ತುಗಳನ್ನು ಕಾದಿಟ್ಟು ವಾರಸುದಾರರಿಗೆ ಒಪ್ಪಿಸುವ ವಿಭಾಗ ಅವನದು. ವಿಭಾಗವೆಂದರೆ ಡಿಪೋದ ಹಿಂಭಾಗದಲ್ಲಿ ಮೆಟ್ಟಿಲ ಕೆಳಗಿನ ಒಂದು ಉದ್ದನೆಯ ಕೋಣೆ. ಇರುವ ಒಂದೇ ಕಿಟಕಿ ಬಸ್ಸು ತೊಳೆಯುವ ಜಾಗದತ್ತ ತೆರೆದಿದೆ, ಹಾಗಾಗಿ ಗಾಜಿನ ಮೇಲೆ ಸದಾ ನೀರಿನ ಕಲೆ. ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕುಗಳು. ಅವುಗಳಲ್ಲಿ ಚೀಲ, ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ತಂತಿಯಿಲ್ಲದ ಗಿಟಾರು, ಕುಕ್ಕರಿನ ಮುಚ್ಚಳ. ಒಂದು ಊರುಗೋಲು ಕೂಡ ಇದೆ. ಅದನ್ನು ಊರಿಕೊಂಡು ಬಸ್ಸು ಹತ್ತಿದವನು ಅದಿಲ್ಲದೆ ಹೇಗೆ ಇಳಿದ ಎಂಬುದು ನನ್ನ ತಮ್ಮನ ಬಹಳ ವರ್ಷಗಳ ತನಿಖೆ. ಮುಂಭಾಗದಲ್ಲಿ ತಂತಿ ಜಾಲರಿ ಹೊಡೆದ ಕೌಂಟರು, ಜಾಲರಿಯ ಕೆಳಗೆ ಒಂದು ಚೀಲ ತೂರುವಷ್ಟು ಕಿಂಡಿ. ಆ ಕಿಂಡಿಯಿಂದ ಒಂದು ಕರವಸ್ತ್ರ ಹೊರಗೆ ಹೋಗಬೇಕಾದರೂ ಪಾಟೀಸವಾಲು ನಡೆಯಬೇಕು.

ನಾನು ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲೇ ಆ ಡಿಪೋ ಇರುವುದರಿಂದ ಅಲ್ಲಿನ ಬೆಂಚಿನ ಮೇಲೆ ಕೂತು ಈ ವಿಚಾರಣೆಗಳನ್ನು ಎಷ್ಟೋ ಸಲ ಕೇಳಿದ್ದೇನೆ. ಒಮ್ಮೆ ಒಬ್ಬ ಹೆಂಗಸು ಬಂದಳು. ಆಸ್ಪತ್ರೆಯಲ್ಲಿ ದಾದಿ, ಕೆಲಸ ಮುಗಿಸಿ ಮನೆಗೆ ಹೋಗುವಾಗ ಚೀಲವನ್ನು ಬಸ್ಸಿನಲ್ಲೇ ಬಿಟ್ಟಿದ್ದಳು.

"ಬ್ಯಾಗ್ ಯಾವ ಬಣ್ಣ?"

"ನೀಲಿ."

"ಜಿಪ್ಪು?"

"ಇದೆ. ಎರಡು... ಮೂರಿರಬೇಕು."

"ಇರಬೇಕು ಅಂದ್ರೆ? ಬ್ಯಾಗ್ ನಿಮ್ಮದೋ ಪಕ್ಕದ ಮನೆಯವರದೋ?"

"ನಂದೇ ಸ್ವಾಮಿ. ಒಳಗೆ ಒಂದು ಸ್ವೆಟರ್ ಇದೆ, ಬಾಚಣಿಗೆ ಇದೆ."

"ಬಾಚಣಿಗೆಗೆ ಹಲ್ಲು ಎಲ್ಲಾ ನೆಟ್ಟಗಿದ್ವಾ?"

"ರೀ, ನಾನು ಬ್ಯಾಗ್ ಕಳ್ಕೊಂಡಿರೋದು, ಕೊಲೆ ಮಾಡಿಲ್ಲ!"

ನನ್ನ ತಮ್ಮ ಚೀಲ ಕೊಡಲಿಲ್ಲ. ನೀಲಿ ಚೀಲ ಯಾವುದೂ ಬಂದಿಲ್ಲ ಎಂದು ಕಳಿಸಿದ. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, "ನೋಡಿದ್ಯಾ ಅಕ್ಕ, ತನ್ನದೇ ಆಗಿದ್ರೆ ಜಿಪ್ಪು ಲೆಕ್ಕ ಗೊತ್ತಿರ್ತಿರಲಿಲ್ವಾ?" ಎಂದ. ನನ್ನ ಚೀಲಕ್ಕೆ ಎಷ್ಟು ಜಿಪ್ಪಿದೆ ಎಂದು ನನಗೂ ಗೊತ್ತಿರಲಿಲ್ಲ. ಅದನ್ನು ಅವನಿಗೆ ಹೇಳುವುದು ಕ್ಷೇಮವಲ್ಲ ಎಂದು ಸುಮ್ಮನಿದ್ದೆ.

ಕಂಡಕ್ಟರುಗಳು ಅವನನ್ನು ಜಡ್ಜ್ ಸಾಹೇಬ್ರು ಎನ್ನುತ್ತಾರೆ. ಪಾಳಿ ಮುಗಿಸಿ ಬರುವ ಒಬ್ಬ ಮೀಸೆ ಕಂಡಕ್ಟರು ಮರೆತುಹೋದ ಕೊಡೆಗಳನ್ನು ಕೌಂಟರಿನ ಮೇಲೆ ಸಾಲಾಗಿ ಮಲಗಿಸಿ, "ಸಾಹೇಬ್ರೇ, ಇವತ್ತಿನ ಆರೋಪಿಗಳು. ಜಾಮೀನು ಕೊಡಬೇಡಿ" ಎನ್ನುತ್ತಾನೆ. ನನ್ನ ತಮ್ಮ ನಗುವುದಿಲ್ಲ. ಯಾವ ಬಸ್ಸು, ಯಾವ ಸೀಟು ಎಂದು ಅವನನ್ನೂ ಕೇಳಿಯೇ ಒಳಗೆ ತೆಗೆದುಕೊಳ್ಳುತ್ತಾನೆ.

ಜನ ಕೌಂಟರಿಗೇ ಬರುತ್ತಿದ್ದಷ್ಟು ಕಾಲ ಇದು ಹೇಗೋ ನಡೆಯಿತು. ಆಮೇಲೆ ಕಂಪನಿಯವರು ವೆಬ್‌ಸೈಟಿನಲ್ಲಿ ಒಂದು ಪುಟ ತೆರೆದರು. ವಸ್ತು ಕಳೆದುಕೊಂಡವರು ಕೂತಲ್ಲಿಂದಲೇ ಫೋನಿನಲ್ಲಿ ಬರೆದು ಕಳಿಸಬಹುದು. ಜನ ಬರೆದರು. ಕಳೆದದ್ದು ಒಂದು ಊಟದ ಡಬ್ಬಿಯಾದರೆ, ಅಂದು ಬೆಳಗ್ಗೆ ಯಾರ ಜೊತೆ ಜಗಳವಾಗಿ ಮನಸ್ಸು ಕೆಟ್ಟಿತ್ತು, ಡ್ರೈವರು ಹೇಗೆ ಬ್ರೇಕ್ ಹಾಕಿದ, ಪಕ್ಕದಲ್ಲಿ ಕೂತವನು ಎಂಥ ಗೊರಕೆ ಹೊಡೆದ ಎಂಬುದೆಲ್ಲ ಬಂದು, ಕೊನೆಯಲ್ಲಿ ಎಲ್ಲೋ ಡಬ್ಬಿಯ ಪ್ರಸ್ತಾಪ. ನನ್ನ ತಮ್ಮ ಪ್ರತಿಯೊಂದನ್ನೂ ಅಕ್ಷರ ಬಿಡದೆ ಓದಿ, ಒಂದೇ ಬೆರಳಿನಲ್ಲಿ ಉತ್ತರ ಕುಟ್ಟುತ್ತಿದ್ದ. ಒಂದಕ್ಕೆ ಉತ್ತರ ಮುಗಿಯುವಷ್ಟರಲ್ಲಿ ಮತ್ತೊಂದು ರಾಶಿ ಬಂದಿರುತ್ತಿತ್ತು. ರ‍್ಯಾಕುಗಳು ತುಂಬಿ, ಚೀಲಗಳು ನೆಲಕ್ಕಿಳಿದು, ಅವನ ಕುರ್ಚಿಗೆ ದಾರಿ ಮಾತ್ರ ಉಳಿಯಿತು.

ಒಂದು ದಿನ ಮ್ಯಾನೇಜರು ಬಂದರು. ವಯಸ್ಸು ಚಿಕ್ಕದು, ಮಾತು ಮೆದು, ವಿಷಯ ಮಾತ್ರ ಮೆದುವಾಗಿರಲಿಲ್ಲ.

"ವರ್ಷ ಮುಗಿಯೋದ್ರೊಳಗೆ ಅರ್ಧ ರ‍್ಯಾಕ್ ಖಾಲಿ ಆಗ್ಬೇಕು ಸಾರ್. ಆಗ್ಲಿಲ್ಲ ಅಂದ್ರೆ ಎಲ್ಲಾ ಹರಾಜಿಗೆ. ಈ ರೂಮು ಪಾರ್ಸೆಲ್ ಕೌಂಟರಿಗೆ ಕೇಳ್ತಿದಾರೆ. ನಿಮಗೆ ಟೈರ್ ಗೋದಾಮಲ್ಲಿ ಜಾಗ ಇದೆ."

"ಖಾಲಿ ಮಾಡೋದು ಏನ್ ಕಷ್ಟ ಸಾರ್? ಬಾಗಿಲು ತೆಗೆದಿಟ್ರೆ ಮಧ್ಯಾಹ್ನದೊಳಗೆ ಖಾಲಿ."

"ಹಾಗಲ್ಲ. ತಪ್ಪು ಕೈಗೆ ಹೋದ್ರೆ ಹೊಣೆ ನಿಮ್ದೇ. ನಾನು ಆಗಾಗ ದಾಖಲೆ ತೆಗೆದು ನೋಡ್ತೀನಿ."

ನಾನಿರುವುದು ಅವರ ಜೊತೆಯಲ್ಲೇ. ಅಂದು ನನ್ನ ತಮ್ಮ ಮನೆಗೆ ಬಂದು ಊಟದ ತಟ್ಟೆಯನ್ನು ಹಿಂದಕ್ಕೆ ಸರಿಸಿದ. ಹೆಂಡತಿ ಏನೆಂದು ಕೇಳಿದಳು. ಅವಳಿಗೆ ಹೇಳಲಿಲ್ಲ. ನನ್ನತ್ತ ನೋಡಿ, "ಟೈರ್ ಯಾರೂ ಕಳ್ಕೊಳಲ್ಲ ಅಕ್ಕ" ಎಂದ. ಅಷ್ಟರಲ್ಲೇ ನನಗೆ ಅರ್ಥವಾಯಿತು. ಆ ಕೋಣೆ ಹೋದರೆ ಅವನಿಗೆ ಸಂಬಳ ತಪ್ಪುವುದಿಲ್ಲ, ಆದರೆ ಪ್ರಶ್ನೆ ಕೇಳಲು ಯಾರೂ ಇರುವುದಿಲ್ಲ.

ಉಪಾಯ ತಂದವಳು ಅವನ ಮಗಳು. ವಿಮೆ ಕಂಪನಿಯೊಂದರಲ್ಲಿ ದಿನವಿಡೀ ಗ್ರಾಹಕರ ಪತ್ರಗಳಿಗೆ ಉತ್ತರ ಬರೆಯುವ ಕೆಲಸ ಅವಳದು. "ಅಪ್ಪ, ಇದಕ್ಕೆ ನಾವೆಲ್ಲ ಎಕ್ಸ್‌ಟೆನ್ಶನ್ ಬಳಸ್ತೀವಿ" ಎಂದಳು. ಬ್ರೌಸರಿನ ಮೂಲೆಯಲ್ಲಿ ಗುಂಡಿಯಂತೆ ಕೂರುವ ಒಂದು ಸಣ್ಣ ಸಲಕರಣೆ ಅದು. ಒತ್ತಿದರೆ ತೆರೆದ ಪುಟವನ್ನು ಕೃತಕ ಬುದ್ಧಿಮತ್ತೆ ಓದಿ, ಉದ್ದನೆಯ ಪತ್ರದ ಸಾರವನ್ನು ಮೂರು ಸಾಲಿಗೆ ಇಳಿಸುತ್ತದೆ, ಉತ್ತರದ ಕರಡು ಬರೆದುಕೊಡುತ್ತದೆ, ಎರಡು ಪುಟಗಳನ್ನು ಹೋಲಿಸಿ ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ತೋರಿಸುತ್ತದೆ. ಒಂದು ರಜೆಯ ದಿನ ಅವಳು ಡಿಪೋಗೆ ಬಂದು ಅದನ್ನು ಅವನ ಕಂಪ್ಯೂಟರಿಗೆ ಹಾಕಲು ಕೂತಳು. ಪರದೆಯ ಮೇಲೆ ಅನುಮತಿ ಕೇಳುವ ಚೌಕ ಬಂತು. ನನ್ನ ತಮ್ಮ ಮಗಳ ಕೈ ಹಿಡಿದು ನಿಲ್ಲಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದ.

"'ನೀವು ತೆರೆಯುವ ಎಲ್ಲ ಪುಟಗಳ ಮಾಹಿತಿಯನ್ನು ಓದಬಹುದು ಮತ್ತು ಬದಲಿಸಬಹುದು.' ಬದಲಿಸಬಹುದು? ಯಾರಪ್ಪನ ಮನೆ ಸ್ವತ್ತು ಅಂತ ಬದಲಿಸುತ್ತೆ?"

"ಅಪ್ಪ, ಅದನ್ನ ಯಾರೂ ಓದಲ್ಲ. ಸರಿ ಅಂತ ಒತ್ತಬೇಕು ಅಷ್ಟೆ."

"ಯಾರೂ ಓದಲ್ಲ ಅಂತ ಗೊತ್ತಿದ್ದೇ ಅಲ್ಲಿ ಬರೆದಿರೋದು."

ಅವಳು ನನ್ನ ಕಡೆ ನೋಡಿ, "ಅತ್ತೆ, ನೀವಾದ್ರೂ ಹೇಳಿ" ಎಂದಳು. ನಾನು ಹೇಳಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ಆಮೇಲೆ ಅವಳೇ ತನ್ನ ಆಫೀಸಿನಲ್ಲಿ ಅಂಥ ಅನುಮತಿಗಳನ್ನೆಲ್ಲ ಓದಿ ನೋಡಿ ಎರಡು ಎಕ್ಸ್‌ಟೆನ್ಶನ್‌ಗಳನ್ನು ಕಿತ್ತುಹಾಕಿದಳಂತೆ. ಇವನು ಹಲವನ್ನು ಜಾಲಾಡಿ, ತಾನು ಒತ್ತಿದಾಗ ಮಾತ್ರ, ತಾನು ತೋರಿಸಿದ ಪುಟವನ್ನು ಮಾತ್ರ ಓದುವ ಒಂದನ್ನು ಆರಿಸಿದ. ಕಂಪನಿಯ ಕಂಪ್ಯೂಟರ್ ವಿಭಾಗದಿಂದ ಬರಹದಲ್ಲಿ ಒಪ್ಪಿಗೆ ಕೇಳಿದ. ಅವರನ್ನು ಅದುವರೆಗೆ ಯಾರೂ ಬರಹದಲ್ಲಿ ಏನನ್ನೂ ಕೇಳಿರಲಿಲ್ಲ, ಹಾಗಾಗಿ ಗಾಬರಿಯಾಗಿ ಬಹಳ ಯೋಚಿಸಿ, ಜನರ ಫೋನ್ ನಂಬರು, ವಿಳಾಸ ಅದರ ಕಣ್ಣಿಗೆ ಬೀಳದ ಹಾಗೆ ಮಾಡಿ ಬಳಸಬಹುದು ಎಂದರು.

ಪತ್ರಗಳ ಮಟ್ಟಿಗೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಜಗಳ, ಬ್ರೇಕು, ಗೊರಕೆ ಎಲ್ಲ ಕಳಚಿ ವಸ್ತು ಯಾವುದು, ಬಸ್ಸು ಯಾವುದು, ಹೊತ್ತು ಯಾವುದು ಎಂಬುದು ಉಳಿಯುತ್ತಿತ್ತು. ಆದರೂ ಮೊದಲು ಕೆಲವು ದಿನ ಅವನು ಸಾರವನ್ನೂ ಓದಿ, ಪೂರ್ತಿ ಪತ್ರವನ್ನೂ ಓದಿ ತಾಳೆ ನೋಡುತ್ತಿದ್ದ. ಕೆಲಸ ಹಗುರವಾಗುವ ಬದಲು ಎರಡರಷ್ಟಾಯಿತು. ಒಂದು ಸಲ, ಬರೆದವರು ಬರೀ ಚೀಲ ಎಂದಿದ್ದರೆ ಅದು ಚರ್ಮದ ಚೀಲ ಎಂದು ಸೇರಿಸಿಬಿಟ್ಟಿತು. ಅಂದು ಅವನಿಗಾದ ಸಂತೋಷ ಹೇಳತೀರದು. ಮನೆಗೆ ಬಂದವನೇ, "ಸುಳ್ಳು ಸಾಕ್ಷಿ ಹೇಳಿ ಸಿಕ್ಕಿಬಿತ್ತು!" ಎಂದ. ಆಮೇಲೆ ಅದಕ್ಕೆ ಸೂಚನೆ ಕೊಡುವ ಜಾಗದಲ್ಲಿ ಹೀಗೆ ಬರೆದಿಟ್ಟ: ಬರೆದವರು ಹೇಳದ ಮಾತನ್ನು ಸೇರಿಸಬೇಡ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು. ಇದನ್ನು ಅವನು ನಮ್ಮೆಲ್ಲರಿಗೂ ಆಗಾಗ ಹೇಳುತ್ತಲೇ ಇದ್ದ. ಕೇಳಿದ್ದು ಅದೊಂದೇ. ಉತ್ತರದ ಕರಡುಗಳಲ್ಲಿ ಬರುತ್ತಿದ್ದ 'ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ' ಎಂಬ ಸಾಲನ್ನೂ ಹೊಡೆದುಹಾಕಿದ. "ನಾನ್ಯಾಕೆ ವಿಷಾದಿಸ್ಲಿ? ಕಳ್ಕೊಂಡೋರು ಅವರು."

ಆದರೆ ರ‍್ಯಾಕು ಖಾಲಿಯಾಗಲಿಲ್ಲ. ಅವನು ಕೋಣೆಯ ವಸ್ತುಗಳನ್ನು ಪಟ್ಟಿ ಮಾಡಿದ್ದ ಪುಟವನ್ನೂ ಕಳೆದುಕೊಂಡವರ ಪುಟವನ್ನೂ ಹೋಲಿಸು ಎಂದರೆ ಅದು ಒಬ್ಬಳ ಒಂದು ಕೊಡೆಗೆ ಕೋಣೆಯಲ್ಲಿದ್ದ ಕೊಡೆಗಳನ್ನೆಲ್ಲ ತಂದು ನಿಲ್ಲಿಸುತ್ತಿತ್ತು.

"ನೋಡು ನಿನ್ನ ಬುದ್ಧಿವಂತನ್ನ" ಎಂದ, ಮತ್ತೊಂದು ರಜೆಯ ದಿನ ಡಿಪೋಗೆ ಬಂದ ಮಗಳಿಗೆ. ಬೆಂಚಿನ ಮೇಲೆ ನಾನೂ ಇದ್ದೆ.

ಅವಳು ಪುಟ ನೋಡಿದಳು. "ಅಪ್ಪ, ನೀವು ಬರೆದಿರೋದೇ 'ಕೊಡೆ, ಕಪ್ಪು' ಅಂತ. ಇದು 'ಕೊಡೆ, ಕಪ್ಪು'. ಇದೂ 'ಕೊಡೆ, ಕಪ್ಪು'. ಅದೇನು ಕವಡೆ ಹಾಕಿ ಹೇಳ್ಬೇಕಾ?"

"ಅಷ್ಟೇ ಬರೀಬೇಕು. ಒಂದು ಗುರುತು ಬಚ್ಚಿಡ್ಬೇಕು."

ಅದು ಆ ಕೋಣೆಯ ಪದ್ಧತಿ. ಅವನಿಗಿಂತ ಮೊದಲಿದ್ದವರು ಕಲಿಸಿಕೊಟ್ಟದ್ದು. ಹಿಂದೊಮ್ಮೆ ಸಿಕ್ಕಿದ ಕೈಗಡಿಯಾರದ ಪೂರ್ತಿ ವರ್ಣನೆಯನ್ನು ಹೊರಗಿನ ಹಲಗೆಗೆ ಅಂಟಿಸಿದ್ದರಂತೆ, ಅದನ್ನು ಓದಿಕೊಂಡು ಒಂದೇ ಗಡಿಯಾರಕ್ಕೆ ನಾಲ್ಕು ಜನ ಮಾಲೀಕರು ಬಂದರಂತೆ. ಅಂದಿನಿಂದ, ನಿಜವಾದ ಮಾಲೀಕನಿಗೆ ಮಾತ್ರ ಗೊತ್ತಿರಬಹುದಾದ ಗುರುತನ್ನು ಎಲ್ಲಿಯೂ ಬರೆಯುವಂತಿಲ್ಲ. ಅದು ಕೌಂಟರಿನಲ್ಲಿ ಕೂತವನ ತಲೆಯಲ್ಲಿರಬೇಕು. ಇವನ ತಲೆಯಲ್ಲಿ ಇಡೀ ಕೋಣೆ ಇತ್ತು.

"ಆದ್ರೆ ಈ ಪುಟ ಹೊರಗಿನೋರಿಗೆ ಕಾಣಲ್ವಲ್ಲ ಅಪ್ಪ. ನೋಡೋರು ನೀವೊಬ್ರೇ. ಯಾರಿಂದ ಬಚ್ಚಿಡ್ತಿದೀರ?"

"ಎಲ್ಲರಿಂದ."

"ನಿಮ್ಮಿಂದಾನೂ ಸೇರಿ" ಎಂದು ಅವಳು ಎದ್ದುಬಿಟ್ಟಳು. ಕೋಪ ಬಂದಾಗ ಥೇಟ್ ಅಪ್ಪನೇ. ಬಾಗಿಲವರೆಗೆ ಹೋದವಳು ಮತ್ತೆ ಬಂದು ಕೂತು, ಕಳೆದ ಕೆಲವು ತಿಂಗಳಲ್ಲಿ ಅವನು ತಿರಸ್ಕರಿಸಿದ, ಕೌಂಟರಿಗೆ ಬಂದವರದೂ ಸೇರಿದ ಅರ್ಜಿಗಳ ಪುಟ ತೆರೆದಳು. ಪ್ರತಿ ಅರ್ಜಿಯ ಕೆಳಗೆ, ಯಾವ ವಸ್ತುವನ್ನು ಮುಂದಿಟ್ಟುಕೊಂಡು ಪ್ರಶ್ನಿಸಿದ, ಅವರು ಎಲ್ಲಿ ತಪ್ಪಿದರು ಎಂದು ಇವನೇ ಷರಾ ಬರೆದಿದ್ದ. ಈ ಜನ ಯಾವುದನ್ನು ಸರಿಯಾಗಿ ಹೇಳಿದ್ದಾರೆ, ಯಾವುದನ್ನು ತಪ್ಪಾಗಿ ಹೇಳಿದ್ದಾರೆ ಎಂದು ಆ ಸಲಕರಣೆಯನ್ನು ಕೇಳಿದಳು.

ಉತ್ತರ ಕ್ಷಣದಲ್ಲಿ ಬಂತು. ಹೆಚ್ಚಿನವರು ಬಸ್ಸನ್ನು ಸರಿಯಾಗಿ ಹೇಳಿದ್ದರು. ದಿನವೂ ಹೊತ್ತೂ ಸರಿ. ಬಣ್ಣ ತಪ್ಪು, ಜಿಪ್ಪು ತಪ್ಪು, ಗುಂಡಿಗಳ ಲೆಕ್ಕ ತಪ್ಪು.

ನನ್ನ ತಮ್ಮ ಅದನ್ನು ಓದಿದ. ಮತ್ತೆ ಓದಿದ. ಹೊರಗೆ ಯಾರೋ ಬಸ್ಸಿಗೆ ನೀರು ಹೊಡೆಯುತ್ತಿದ್ದರು. ಕಳ್ಳನಾದವನು ಬಸ್ಸಿನ ನಂಬರನ್ನೂ ಹೊತ್ತನ್ನೂ ಸರಿಯಾಗಿ ಊಹಿಸಲಾರ ಎಂಬುದು ಅವನಿಗೆ ನಾನು ಹೇಳದೆಯೇ ಹೊಳೆಯಿತು. ಎದ್ದು ಹೋಗಿ ರ‍್ಯಾಕಿನ ಮೇಲಿಂದ ಒಂದು ಚೀಲ ಇಳಿಸಿದ. ಕಡು ಹಸಿರು, ಎರಡು ಜಿಪ್ಪು, ಒಳಗೆ ಸ್ವೆಟರು, ಒಂದು ಹಲ್ಲು ಮುರಿದ ಬಾಚಣಿಗೆ. ದಾದಿ ಬರೆಸಿಹೋಗಿದ್ದ ನಂಬರಿಗೆ ಫೋನ್ ಮಾಡಿದ. ಅವಳ ದನಿ ನಮಗೂ ಕೇಳಿಸುವಷ್ಟು ಜೋರಾಗಿತ್ತು.

"ಇನ್ನೂ ಯಾವ ಪ್ರಶ್ನೆ ಬಾಕಿ ಇದೆ ಸ್ವಾಮಿ?"

"ಯಾವುದೂ ಇಲ್ಲ. ಬಂದು ತಗೊಂಡ್ ಹೋಗಿ."

ಅವಳು ಮರುದಿನ ಬಂದು ಚೀಲವನ್ನು ಎದೆಗವಚಿಕೊಂಡು, ಬಾಗಿಲಿನ ಬೆಳಕಿನಲ್ಲಿ ಹಿಡಿದು ನೋಡಿ, "ಅಯ್ಯೋ, ಇದು ನೀಲಿ ಅಲ್ವಾ?" ಎಂದಳಂತೆ.

ಗುರುತುಗಳನ್ನು ಬರೆದಿಡಲು ಅವನು ಆಗಲೂ ಒಪ್ಪಲಿಲ್ಲ. ಅದರ ಕಾರಣ ಮನೆಯಲ್ಲಿ, ಹೆಂಡತಿ ಮಗಳು ಇಬ್ಬರೂ ಇಲ್ಲದಾಗ ಹೊರಬಿತ್ತು. "ಎಲ್ಲಾ ಬರೆದಿಟ್ಟ ಮೇಲೆ ನಾನ್ಯಾಕೆ ಬೇಕು ಅಕ್ಕ? ಯಾರು ಕೂತ್ರೂ ಆಗುತ್ತೆ."

"ಬರೆದಿಡದಿದ್ರೆ ಟೈರ್ ಗೋದಾಮು" ಎಂದೆ. "ಅಲ್ಲಿ ಬರೆದಿಡೋಕೂ ಏನೂ ಇರಲ್ಲ."

ಮರುದಿನದಿಂದ ಬರೆಯತೊಡಗಿದ. ಕೌಂಟರು ಮುಚ್ಚಿದ ಮೇಲೆ ಒಂದೊಂದನ್ನೇ ಇಳಿಸಿ, ಧೂಳು ಕೊಡವಿ, ಬೆಳಕಿಗೆ ಹಿಡಿದು, ಅದೇ ಒಂದು ಬೆರಳಿನಲ್ಲಿ ಕುಟ್ಟುತ್ತಿದ್ದ. ಕೊಡೆ, ಕಪ್ಪು, ಹಿಡಿಯ ಒಳಬದಿಯಲ್ಲಿ ಉಗುರಿನಿಂದ ಗೀಚಿದ ಗೆರೆ. ಕುಕ್ಕರಿನ ಮುಚ್ಚಳ, ಹಿಡಿಗೆ ಸುತ್ತಿದ ಕೆಂಪು ದಾರ. ಊಟದ ಡಬ್ಬಿ, ತಳದಲ್ಲಿ ಸೂಜಿಯಿಂದ ಕೊರೆದ ಹೆಸರು, ಕೊನೆಯಕ್ಷರ ಅರ್ಧ. ಬಣ್ಣದ ಕಡೆ 'ಕಪ್ಪು, ನೀಲಿಯೆಂದೂ ತೋರಬಹುದು' ಎಂದು ಬರೆಯುವುದನ್ನು ತಾನಾಗಿಯೇ ಕಲಿತ. ನಾಲ್ಕಾರು ದಿನ ಮಗಳೂ ಬಂದು ಟೈಪು ಮಾಡಿಕೊಟ್ಟಳು. ಅವಳು ಬರೆದದ್ದನ್ನೆಲ್ಲ ಇವನು ಮತ್ತೆ ತಾಳೆ ನೋಡಿದ.

ಈಗ ಆ ಗುಂಡಿ ಒತ್ತಿದರೆ ಜೋಡಿಗಳು ಬೀಳತೊಡಗಿದವು. ಕೊಡೆಗೆ ಒಬ್ಬಳೇ ಒಡತಿ, ಡಬ್ಬಿಗೆ ಒಬ್ಬನೇ ಒಡೆಯ. ಇವನು ಒಂದೊಂದನ್ನೂ ಕಣ್ಣಾರೆ ನೋಡಿ, ಒಪ್ಪಿಗೆಯಾದರೆ ಕರಡು ಉತ್ತರ ತಿದ್ದಿ ಕಳಿಸುತ್ತಿದ್ದ. ಮೂಟೆಯಷ್ಟಿದ್ದ ಪತ್ರಗಳು ಕೆಳಗಿಳಿದವು, ಮಧ್ಯಾಹ್ನ ಚಹಾ ಕುಡಿಯಲು ಬಿಡುವಾಯಿತು. ಜನ ಸಾಲುಗಟ್ಟಿ ಬಂದು ಸಾಮಾನು ಒಯ್ದರು. ಮೀಸೆ ಕಂಡಕ್ಟರು ಜಾಲರಿಗೆ ಮೂಗು ತಾಗಿಸಿ, "ಏನ್ ಸಾಹೇಬ್ರೇ, ಎಲ್ಲಾ ಆರೋಪಿಗಳೂ ಬಿಡುಗಡೆ?" ಎಂದ. ವರ್ಷದ ಕೊನೆಗೆ ಮ್ಯಾನೇಜರು ಬಂದಾಗ ಅರ್ಧಕ್ಕಿಂತ ಹೆಚ್ಚು ರ‍್ಯಾಕು ಬರಿದಾಗಿತ್ತು. ಪಾರ್ಸೆಲ್ ಕೌಂಟರಿಗೆ ಬೇರೆ ಜಾಗ ನೋಡುವುದಾಗಿ ಹೇಳಿದರು. "ದಾಖಲೆ ಹೀಗೇ ಶುದ್ಧವಾಗಿರ್ಲಿ. ಮುಂದಿನ ತಪಾಸಣೆವರೆಗೂ ನಾನು ನೋಡ್ತಾನೇ ಇರ್ತೀನಿ" ಎಂದರು. ಹೊರಡುವ ಮೊದಲು, "ಆ ಎಕ್ಸ್‌ಟೆನ್ಶನ್ ಚೆನ್ನಾಗಿ ಕೆಲಸ ಮಾಡುತ್ತೆ ಅಲ್ವಾ?" ಎಂದು ಕೇಳಿದರು.

"ಮೇಲೆ ಒಂದು ಕಣ್ಣಿಟ್ಟಿರ್ಬೇಕು ಸಾರ್. ಇಲ್ದಿದ್ರೆ ಕೈ ಕೊಡುತ್ತೆ" ಎಂದ ನನ್ನ ತಮ್ಮ.

ನಾನು ಈ ಬರಹವನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಮೊದಲ ಸಾಲಿನಲ್ಲಿ ಹೇಳಿದ್ದು ಸರಿಯಾಗಿಯೇ ಉಳಿಯುತ್ತಿತ್ತು. ಆದರೆ ಮೊನ್ನೆ ಗ್ರಂಥಾಲಯದಿಂದ ಮರಳುವಾಗ ಆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಮನೆಗಳಿಗೆ ಬಣ್ಣ ಹೊಡೆಯುವವನೊಬ್ಬ ಬಂದ. ಮೊಣಕೈವರೆಗೆ ಸುಣ್ಣದ ಚುಕ್ಕೆ, ಕೂದಲಲ್ಲಿ ಹಳದಿ. ಪತ್ರ ಬರೆಯದೆ ನೇರವಾಗಿ ಬಂದಿದ್ದ.

"ಸಾರ್, ಕನ್ನಡಕ ಬಸ್ಸಲ್ಲಿ ಬಿಟ್ಬಿಟ್ಟೆ."

"ಚೌಕಟ್ಟು ಯಾವ ಬಣ್ಣ?"

"ಕಪ್ಪು ಸಾರ್. ದಪ್ಪಗೆ."

ಬಸ್ಸು ಯಾವುದು, ದಿನ ಯಾವುದು ಎಂದು ಕೇಳಿ ನನ್ನ ತಮ್ಮ ಟೈಪು ಮಾಡಿದ. ಗುಂಡಿ ಒತ್ತಿದ. ಪರದೆಯನ್ನು ಅವನ ಕಡೆಗೆ ತಿರುಗಿಸಿ, "ನೋಡಿ, ಹೊಂದೋದು ಯಾವುದೂ ಇಲ್ಲ ಅಂತಿದೆ" ಎಂದ.

"ಅದೇ ಕಾಣಲ್ವಲ್ಲ ಸಾರ್."

ನನ್ನ ತಮ್ಮ ಪರದೆಯನ್ನು ಮೆಲ್ಲನೆ ಹಿಂದಕ್ಕೆ ತಿರುಗಿಸಿಕೊಂಡ.

"ಬಣ್ಣದ ಡಬ್ಬದ ಮೇಲಿನ ನಂಬರ್ ಕಾಣಲ್ಲ" ಎಂದ ಬಣ್ಣದವನು. "ನಿನ್ನೆ ಒಂದೇ ಗೋಡೆಗೆ ಎರಡು ಬಣ್ಣ ಬಳಿದ್ಬಿಟ್ಟೆ. ಮೇಸ್ತ್ರಿ ಇನ್ನೊಂದ್ಸಲ ಹೀಗಾದ್ರೆ ಬರಲೇಬೇಡ ಅಂದಿದಾರೆ."

ನನ್ನ ತಮ್ಮ ಎದ್ದು ಹಿಂದೆ ಹೋಗಿ ಒಂದು ತಟ್ಟೆ ತಂದ. ಅದರಲ್ಲಿ ಕನ್ನಡಕಗಳು. ಇಟ್ಟುಕೊಳ್ಳುವ ಅವಧಿ ಮೀರಿ, ಕೇಳುವವರಿಲ್ಲದೆ, ಅಂದು ಸಂಜೆ ಗುಜರಿಗೆ ಹೋಗಲಿದ್ದವು. ತಟ್ಟೆಯನ್ನು ಕಿಂಡಿಯಿಂದ ಹೊರಗೆ ತಳ್ಳಿದ. ಬಣ್ಣದವನು ಒಂದನ್ನು ಹಾಕಿಕೊಂಡು ತಲೆ ತಿರುಗಿ ಕೌಂಟರು ಹಿಡಿದುಕೊಂಡ. ಇನ್ನೊಂದನ್ನು ತೆಗೆದ, ಮತ್ತೊಂದನ್ನು ತೆಗೆದ. ಆಮೇಲೆ ಒಂದನ್ನು ಹಾಕಿಕೊಂಡವನು ತನ್ನ ಅಂಗೈ ನೋಡಿ, ಗೋಡೆಯ ಕ್ಯಾಲೆಂಡರು ನೋಡಿ, ನನ್ನನ್ನೂ ನೋಡಿ, "ಇದೇ ಸಾರ್! ಇದೇ ನಂದು!" ಎಂದು ಕೂಗಿದ. ಖುಷಿಯಲ್ಲಿ ಅದನ್ನು ಕಳಚಿ ಕಣ್ಣಿನ ಹತ್ತಿರ ಹಿಡಿದಾಗಲೇ ಅವನಿಗೂ ಕಂಡದ್ದು. ಚೌಕಟ್ಟು ಕಂದು, ಕಡ್ಡಿಯ ಮೇಲೆ ಒಂದು ಪುಟ್ಟ ಗುಲಾಬಿ ಹೂವು. ಅವನ ಮುಖ ಇಳಿಯಿತು. ಕನ್ನಡಕವನ್ನು ತಟ್ಟೆಗೆ ಹಿಂದಿಡಲು ಹೊರಟ.

"ಹಾಕ್ಕೊಳಿ" ಎಂದ ನನ್ನ ತಮ್ಮ. ಜಾಲರಿಗೆ ಕಟ್ಟಿದ ಫಲಕವನ್ನು ತೋರಿಸಿ, "ಇದನ್ನ ಓದಿ" ಎಂದ.

ಅವನು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. "'ತಮ್ಮದಲ್ಲದ ವಸ್ತುವನ್ನು ತಮ್ಮದೆಂದು ಹೇಳಿಕೊಳ್ಳುವವರ ಮೇಲೆ... ಕಠಿಣ ಕ್ರಮ...'" ದನಿ ಇಳಿಯುತ್ತಾ ಹೋಗಿ ಕೊನೆಯ ಮಾತು ಬಾಯೊಳಗೇ ಉಳಿಯಿತು.

"ಪೂರ್ತಿ ಓದಿ."

"'...ಕೈಗೊಳ್ಳಲಾಗುವುದು.'"

ನನ್ನ ತಮ್ಮ ಪರದೆಯ ಕಡೆ ತಿರುಗಿದ. ನಾನು ಎದ್ದು ಹೋಗಿ ಜಾಲರಿಯ ಸಂದಿನಿಂದ ನೋಡಿದೆ. ಹೊಂದಿಕೆಯಿಲ್ಲ ಎಂದು ಕೆಂಪಕ್ಷರದಲ್ಲಿ ಬಂದಿತ್ತು. ಅವನು ಆ ಗುಂಡಿಯನ್ನು ಒತ್ತಿ ಎಕ್ಸ್‌ಟೆನ್ಶನ್ನನ್ನು ಮುಚ್ಚಿದ. ಗುರುತು ಬರೆಯುವ ಜಾಗದಲ್ಲಿ ಒಂದು ಬೆರಳಿನಿಂದ ನಿಧಾನವಾಗಿ ಕುಟ್ಟಿದ: ಕಂದು ಚೌಕಟ್ಟು, ಕಡ್ಡಿಯ ಮೇಲೆ ಹೂವು. ಮಾಲೀಕರು ಹಾಕಿಕೊಂಡು ಓದಿ ತೋರಿಸಿದರು.

ಅದರ ಕೆಳಗೆ ತನ್ನ ಹೆಸರು ಹಾಕಿ, ಮುಂದಿನವರನ್ನು ಕರೆದ.